ವೈಶಾಖದ ಹಕ್ಕಿಗಳು: ಕಂಡದ್ದನ್ನು ದಾಖಲಿಸುವ, ಹಂಚಿಕೊಳ್ಳುವ ಕ್ರಮ

ಏಪ್ರಿಲ್ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗಿನ ಸುಮಾರು 40 ದಿನ ನಮ್ಮಲ್ಲಿ ಅನೇಕ ಪಕ್ಷಿವೀಕ್ಷಕರು ದುರ್ಬೀನನ್ನು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಬಿಸಿಲು ಜೋರು, ಕೆರೆಗಳು ಬತ್ತಿವೆ, ಚಳಿಗಾಲದ ವಲಸೆ ಹಕ್ಕಿಗಳು ಹೊರಟುಹೋಗಿವೆ ಎಂಬುದು ಅವರು ಕೊಡುವ ಕಾರಣ. ಆದರೆ ವಸಂತ ಮುಗಿಯುತ್ತ ಬಂದು ಮುಂಗಾರು ಇನ್ನೂ ಕಾಲಿಡದಿರುವ ಈ ಅವಧಿಯಲ್ಲೇ ಹೊರಡಲು ತಡಮಾಡಿದ ವಲಸೆ ಹಕ್ಕಿಗಳು, ಮಳೆಗೆ ಮುಂಚೆ ಬಂದಿಳಿಯುವ ಹಕ್ಕಿಗಳು, ಗೂಡು ಕಟ್ಟಿ ಮರಿ ಸಾಕುತ್ತಿರುವ ಊರ ಹಕ್ಕಿಗಳು, ಈ ಮೂರೂ ಒಂದೇ ಊರಿನ ಸುತ್ತಮುತ್ತ ಸಿಗುತ್ತವೆ. ಹೀಗಾಗಿ ಇತರರಿಗೆ ತಿಳಿಸಬೇಕೆನಿಸುವ ನೋಟಗಳು ಈ ದಿನಗಳಲ್ಲಿ ಹೆಚ್ಚು. ತಿಳಿಸಿದ್ದರಿಂದ ಹಕ್ಕಿಗೆ ಆಗುವ ತೊಂದರೆಯೂ ಈ ದಿನಗಳಲ್ಲೇ ಹೆಚ್ಚು. ಹಕ್ಕಿಯ ಬಗ್ಗೆ ಎಷ್ಟು ವಿವರ ಬೇಕಾದರೂ ಕೊಡಬಹುದು, ಗೂಡಿನ ಜಾಗವನ್ನು ಮಾತ್ರ ಕೊಡಬಾರದು ಎಂಬ ನಿಲುವಿನಿಂದ ಈ ಲೇಖನವನ್ನು ಬರೆದಿದ್ದೇನೆ.

ಮೊದಲು ದಿನಾಂಕದ ಲೆಕ್ಕ

ಒಂದು ನೋಟ ವಿಶೇಷವೋ ಅಲ್ಲವೋ ಎಂಬುದನ್ನು ಹಕ್ಕಿಯ ಹೆಸರಿನಷ್ಟೇ ದಿನಾಂಕವೂ ನಿರ್ಧರಿಸುತ್ತದೆ. ಫೆಬ್ರುವರಿಯಲ್ಲಿ ಉತ್ತರ ಕರ್ನಾಟಕದ ಜೋಳದ ಹೊಲಗಳ ಮೇಲೆ ಮೋಡದಂತೆ ಹಾರುವ ಗುಲಾಬಿ ಕಬ್ಬಕ್ಕಿಗಳನ್ನು ಕಂಡರೆ ಎಣಿಕೆ ಬರೆದುಕೊಂಡರೆ ಸಾಕು. ಅದೇ ಹಕ್ಕಿ ಮೇ 20ರಂದು ಒಂಟಿಯಾಗಿ ಆಲದ ಮರದಲ್ಲಿ ಕಂಡರೆ ಅದು ತಿಳಿಸಲೇಬೇಕಾದ ಸಂಗತಿ, ಏಕೆಂದರೆ ಅಷ್ಟು ಹೊತ್ತಿಗೆ ಅವು ಮಧ್ಯ ಏಷ್ಯಾದ ಕಡೆಗೆ ಹೋಗಿರಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ವಿಷಯವೂ ಹೀಗೆಯೇ. ಮೇ ತಿಂಗಳಿನಲ್ಲಿ ಅಲ್ಲಿ ಒಂದು ಹೆಬ್ಬಾತು ಉಳಿದಿದ್ದರೆ ಅದು ಗಾಯಗೊಂಡಿದೆಯೇ, ಹಾರಬಲ್ಲದೇ ಎಂಬುದನ್ನೂ ನೋಡಿ ಬರೆಯಬೇಕಾಗುತ್ತದೆ.

ವಲಸೆ ಹಕ್ಕಿಯನ್ನು ಮೊದಲು ಕಂಡ ದಿನವನ್ನು ಎಲ್ಲರೂ ಉತ್ಸಾಹದಿಂದ ಬರೆದಿಡುತ್ತಾರೆ, ಕೊನೆಯ ಬಾರಿ ಕಂಡ ದಿನವನ್ನು ಬರೆಯುವವರು ಬಹಳ ಕಡಿಮೆ. ಇದಕ್ಕೆ ಕಾರಣವೂ ಇದೆ. ಇವತ್ತು ಕಂಡ ಹಳದಿ ಸಿಪಿಲೆಯೇ ಈ ವರ್ಷದ ಕೊನೆಯದು ಎಂದು ಇವತ್ತೇ ಗೊತ್ತಾಗುವುದಿಲ್ಲ. ಮುಂದಿನ ವಾರ, ಅದರ ಮುಂದಿನ ವಾರ ಅದೇ ಕೆರೆಗೆ ಹೋಗಿ, ಅಷ್ಟೇ ಹೊತ್ತು ನೋಡಿ, ಇಲ್ಲವೆಂದು ಖಚಿತವಾದ ಮೇಲೆಯೇ ಅದು ತಿಳಿಯುತ್ತದೆ. ಆದ್ದರಿಂದ ನಿಮ್ಮ ಮನೆಗೆ ಹತ್ತಿರದ ಒಂದು ಕೆರೆಯನ್ನೋ ಕುರುಚಲು ಕಾಡನ್ನೋ ಆರಿಸಿಕೊಂಡು, ಈ 40 ದಿನಗಳಲ್ಲಿ ವಾರಕ್ಕೊಮ್ಮೆಯಾದರೂ ತಪ್ಪದೆ ಹೋಗುವುದನ್ನು ಮೊದಲ ಕೆಲಸವಾಗಿ ಇಟ್ಟುಕೊಳ್ಳಿ. ಮಳೆನಕ್ಷತ್ರಗಳ ಲೆಕ್ಕದಲ್ಲಿ ಬದುಕುವ ಹಿರಿಯರು ಮನೆಯಲ್ಲಿದ್ದರೆ ಭರಣಿ, ಕೃತ್ತಿಕಾ, ರೋಹಿಣಿ ಎಂದು ಪುಟಗಳನ್ನು ಗುರುತಿಸಿಕೊಳ್ಳಬಹುದು. ನಾನು ಹಾಗೆಯೇ ಮಾಡುತ್ತೇನೆ. ಒಂದು ವರ್ಷದ ರೋಹಿಣಿ ಮಳೆಯನ್ನು ಇನ್ನೊಂದು ವರ್ಷದ ರೋಹಿಣಿಯ ಜೊತೆ ಹೋಲಿಸಿ ನೋಡಲು ಅದು ಅನುಕೂಲ.

ಬರುವ ಹಕ್ಕಿಗಳಲ್ಲಿ ಎಲ್ಲರೂ ಕಾಯುವುದು ಚಾತಕಕ್ಕೆ. ಕಪ್ಪು ಬಿಳುಪು ಮೈ, ತಲೆಯ ಮೇಲೆ ಚೂಪಾದ ಜುಟ್ಟು, ಹಾರುವಾಗ ರೆಕ್ಕೆಯಲ್ಲಿ ಎದ್ದು ಕಾಣುವ ಬಿಳಿ ಮಚ್ಚೆ ಇರುವುದರಿಂದ ಗುರುತಿಸುವುದು ಕಷ್ಟವಲ್ಲ. ಆದರೆ ಕರ್ನಾಟಕದವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಮುಂಗಾರಿಗೆ ಮುಂಚೆ ಆಫ್ರಿಕಾದಿಂದ ಬಂದು ಉತ್ತರ ಮತ್ತು ಮಧ್ಯ ಭಾರತದಲ್ಲಿ ಸಂತಾನ ಬೆಳೆಸುವ ಚಾತಕಗಳಿರುವಂತೆ, ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ವರ್ಷವಿಡೀ ನೆಲೆಸಿರುವ ಚಾತಕಗಳೂ ಇವೆ. ಆದ್ದರಿಂದ ಮೈಸೂರಿನಲ್ಲೋ ತುಮಕೂರಿನಲ್ಲೋ ಒಂದು ಚಾತಕ ಕಂಡೊಡನೆ ‘ಬಂದಿತು’ ಎಂದು ಬರೆಯುವ ಬದಲು ‘ಕಂಡಿತು’ ಎಂದು ಬರೆಯುವುದೇ ಸರಿ. ಅದೇ ಜಾಗದಲ್ಲಿ ಹಿಂದಿನ ವಾರಗಳಲ್ಲಿ ಇರಲಿಲ್ಲವೇ, ಕೂಗುತ್ತಿತ್ತೇ, ಹರಟೆಮಲ್ಲಗಳ ಗುಂಪನ್ನು ಹಿಂಬಾಲಿಸುತ್ತಿತ್ತೇ ಎಂಬ ವಿವರಗಳನ್ನು ಸೇರಿಸಿದರೆ ಓದುವವರಿಗೆ ಅರ್ಥ ಕಟ್ಟಿಕೊಳ್ಳಲು ಆಧಾರ ಸಿಗುತ್ತದೆ. ಚಾತಕವು ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆ ಇಡುವ ಹಕ್ಕಿಯಾದ್ದರಿಂದ ಈ ಕೊನೆಯ ವಿವರಕ್ಕೆ ವಿಶೇಷ ಬೆಲೆಯಿದೆ.

ನವರಂಗದ ದಾರಿ ಬೇರೆ. ದಕ್ಷಿಣದಲ್ಲಿ ಚಳಿಗಾಲ ಕಳೆದ ಈ ಹಕ್ಕಿ ಬೇಸಿಗೆಯಲ್ಲಿ ಉತ್ತರದ ಕಡೆಗೆ ರಾತ್ರಿಯ ಹೊತ್ತು ಹಾರಿ ಹೋಗುತ್ತ, ಹಗಲಿನಲ್ಲಿ ನಮ್ಮ ತೋಟ, ಉದ್ಯಾನ, ಕೆಲವೊಮ್ಮೆ ಮನೆಯ ಹಿತ್ತಲಿನ ತರಗೆಲೆಯ ಮೇಲೂ ಇಳಿಯುತ್ತದೆ. ಮುಂಜಾನೆ ಮತ್ತು ಸಂಜೆ ಅದು ಹಾಕುವ ಎರಡು ಸ್ವರದ ಸಿಳ್ಳೆಯಿಂದಲೇ ತಮಿಳಿನಲ್ಲಿ ಅದಕ್ಕೆ ‘ಆರುಮಣಿ ಕುರುವಿ’, ಅಂದರೆ ಆರು ಗಂಟೆಯ ಹಕ್ಕಿ, ಎಂಬ ಹೆಸರು ಬಂದಿದೆ. ಕಾಣದಿದ್ದರೂ ಕೇಳಿಸಿದ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಬರೆದುಕೊಳ್ಳಿ.

ಹಕ್ಕಿ ಎದುರಿಗಿರುವಾಗ ಬರೆಯಬೇಕಾದದ್ದು

ಪಕ್ಷಿ ಕೈಪಿಡಿಯನ್ನು ತೆರೆಯುವ ಮೊದಲೇ ಟಿಪ್ಪಣಿ ಮುಗಿಯಬೇಕು. ಚಿತ್ರವನ್ನು ನೋಡಿದ ಮೇಲೆ ಬರೆದರೆ ಚಿತ್ರದಲ್ಲಿರುವುದನ್ನೇ ಕಂಡಂತೆ ಅನ್ನಿಸತೊಡಗುತ್ತದೆ. ನನಗೆ ಈ ಅಭ್ಯಾಸವನ್ನು ಕಲಿಸಿದವರು ನಿವೃತ್ತ ಶಾಲಾ ಶಿಕ್ಷಕರೊಬ್ಬರು. ನಾನು ಒಮ್ಮೆ ಓಡಿಹೋಗಿ, “ಮೇಷ್ಟ್ರೇ, ಏರಿಯ ಮೇಲೆ ಬಿಜ್ಜು ಹಾರಿತು” ಎಂದು ಹೇಳಿದಾಗ ಅವರು ದುರ್ಬೀನು ಎತ್ತಲಿಲ್ಲ. “ಎಷ್ಟು ದೂರದಿಂದ ನೋಡಿದಿರಿ? ಬೆಳಕು ನಿಮ್ಮ ಬೆನ್ನಿಗಿತ್ತೋ, ಎದುರಿಗಿತ್ತೋ? ಕೊಕ್ಕು ಕಂಡಿತೇ?” ಎಂದು ಮೂರು ಪ್ರಶ್ನೆ ಕೇಳಿದರು. ನನ್ನ ಬಳಿ ಮೂರಕ್ಕೂ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದೇ ಹಕ್ಕಿ ಹೊಂಗೆಯ ಮರದಿಂದ ಏರುದನಿಯಲ್ಲಿ ಮೂರು ಸ್ವರದ ಕೂಗನ್ನು ಮತ್ತೆ ಮತ್ತೆ ಕೂಗಿದಾಗ, ಅದು ಬೇಟೆ ಹಕ್ಕಿಯೇ ಅಲ್ಲ, ಬಿಜ್ಜುವನ್ನೇ ಹೋಲುವ ಕೋಗಿಲೆ ಜಾತಿಯ ಹಾಕ್ ಕುಕೂ ಎಂದು ತಿಳಿಯಿತು. ಬೂದು ಬೆನ್ನು, ಪಟ್ಟೆ ಬಾಲ, ರೆಕ್ಕೆ ಬಡಿದು ತೇಲಿ ಮರಕ್ಕೆ ಏರುವ ರೀತಿ, ಎಲ್ಲವೂ ಎರಡಕ್ಕೂ ಒಂದೇ. ಕೊಕ್ಕು ಮಾತ್ರ ಬೇರೆ: ಬಿಜ್ಜುವಿನದು ಕೊಂಡಿಯಂತೆ ಬಾಗಿದೆ, ಕೋಗಿಲೆಯದು ಹೆಚ್ಚುಕಡಿಮೆ ನೇರ. ಹಾಕ್ ಕುಕೂ ಹೆಚ್ಚು ಕೂಗುವುದು ಈ ತಿಂಗಳುಗಳಲ್ಲೇ ಆದ್ದರಿಂದ ಈ ತಪ್ಪು ಆಗುವುದೂ ಈಗಲೇ.

ಆ ಮೂರು ಪ್ರಶ್ನೆಗಳಿಗೆ ಮುಂಚಿತವಾಗಿಯೇ ಉತ್ತರ ಕೊಡುವಂಥ ಟಿಪ್ಪಣಿ ಹೀಗಿರುತ್ತದೆ: “ಮೇ 26, ಬೆಳಿಗ್ಗೆ 6.20, ಕೆರೆಯ ತೂಬಿನ ಬಳಿ. ಚಾತಕ 1. ಸುಮಾರು 30 ಮೀಟರ್ ದೂರ, ಬೆಳಕು ಬೆನ್ನ ಹಿಂದೆ. ಜಾಲಿಯ ತುದಿಯಲ್ಲಿ ಕುಳಿತಿತ್ತು, ಜುಟ್ಟು ಮತ್ತು ರೆಕ್ಕೆಯ ಬಿಳಿ ಮಚ್ಚೆ ಎರಡೂ ಸ್ಪಷ್ಟ. ಎರಡು ಬಾರಿ ಕೂಗಿತು. 4 ನಿಮಿಷದ ನಂತರ ಏಳು ಹರಟೆಮಲ್ಲಗಳು ಅಟ್ಟಿದವು. ಮೇ 12 ಮತ್ತು 19ರಂದು ಇದೇ ಜಾಗದಲ್ಲಿ ಕಂಡಿರಲಿಲ್ಲ.” ಇಷ್ಟನ್ನು ಬರೆಯಲು ಎರಡು ನಿಮಿಷ ಸಾಕು, ಆದರೆ ಹತ್ತು ವರ್ಷ ಕಳೆದು ಓದಿದವರೂ ಇದನ್ನು ನಂಬಬಹುದು. ಖಚಿತವಿಲ್ಲದ್ದನ್ನು ಖಚಿತವಿಲ್ಲ ಎಂದೇ ಬರೆಯಿರಿ. ‘ರೀವ (ಟರ್ನ್ ಎಂಬ ನೀರುಹಕ್ಕಿ), ಯಾವುದೆಂದು ತಿಳಿಯಲಿಲ್ಲ’ ಎಂಬ ಸಾಲು ದೋಷವಲ್ಲ.

ಛಾಯಾಚಿತ್ರ ಮಸುಕಾಗಿದ್ದರೂ ಇಟ್ಟುಕೊಳ್ಳಿ. ಗುರುತಿಸಲು ಬೇಕಾದುದು ಅಂದವಲ್ಲ, ಕೊಕ್ಕು, ಕಾಲು, ರೆಕ್ಕೆಯ ಗುರುತು. ಫೋನಿನಲ್ಲಿ ಧ್ವನಿ ಮುದ್ರಿಸುವುದು ಇನ್ನೂ ಸುಲಭ. ಕೂಗು ಮುಗಿದ ಮೇಲೆ ಮುದ್ರಣ ನಿಲ್ಲಿಸುವ ಮುನ್ನ ದಿನಾಂಕ, ಸಮಯ ಮತ್ತು ಜಾಗವನ್ನು ನಿಮ್ಮ ಬಾಯಿಂದಲೇ ಹೇಳಿಬಿಡಿ. ಮರ್ಲಿನ್ ಆ್ಯಪ್ ಧ್ವನಿ ಕೇಳಿ ಒಂದು ಹೆಸರನ್ನು ಸೂಚಿಸಿದರೆ ಅದನ್ನು ಹುಡುಕಾಟಕ್ಕೆ ಸುಳಿವಾಗಿ ತೆಗೆದುಕೊಳ್ಳಿ, ದಾಖಲೆಗೆ ಆಧಾರವಾಗಿ ತೆಗೆದುಕೊಳ್ಳಬೇಡಿ. ಮಲೆನಾಡಿನಲ್ಲಂತೂ ಭೀಮರಾಜ ಮತ್ತು ಎಲೆಹಕ್ಕಿಗಳು ಬೇರೆ ಹಕ್ಕಿಗಳ ಕೂಗನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತವೆ ಎಂದರೆ, ಒಂದೇ ಮರದಿಂದ ಐದು ಹಕ್ಕಿಗಳ ಹೆಸರು ಪರದೆಯ ಮೇಲೆ ಮೂಡಿ ಕೊನೆಗೆ ಹಾರಿಹೋಗುವುದು ಒಂದೇ ಭೀಮರಾಜ. ಇನ್ನೊಂದು ಮಾತು: ಹಕ್ಕಿಯನ್ನು ಹೊರಗೆ ಬರಿಸಲು ಅದರದೇ ಕೂಗನ್ನು ಫೋನಿನಿಂದ ಕೇಳಿಸುವುದನ್ನು ಈ ತಿಂಗಳುಗಳಲ್ಲಿ ಪೂರ್ತಿಯಾಗಿ ಬಿಡಿ. ಎದುರಾಳಿ ಬಂದಿದ್ದಾನೆಂದು ತಿಳಿದ ಗಂಡು ಗೂಡನ್ನೂ ಮರಿಗಳಿಗೆ ಉಣಿಸುವ ಕೆಲಸವನ್ನೂ ಬಿಟ್ಟು ನಿಮ್ಮ ಫೋನಿನ ಸುತ್ತ ಸುಳಿಯುತ್ತದೆ.

ಇ-ಬರ್ಡ್‌ಗೆ ಸೇರಿಸುವಾಗ

2002ರಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ ಆರಂಭಿಸಿದ ಇ-ಬರ್ಡ್ ಇಂದು ನಮ್ಮ ದೇಶದ ಹವ್ಯಾಸಿಗಳೂ ಬಳಸುವ ಮುಖ್ಯ ದಾಖಲೆ ವ್ಯವಸ್ಥೆಯಾಗಿದೆ. 2023ರ ‘ಭಾರತದ ಪಕ್ಷಿಗಳ ಸ್ಥಿತಿ’ ವರದಿ 942 ಪ್ರಭೇದಗಳ ಸ್ಥಿತಿಗತಿಯನ್ನು ಅಂದಾಜು ಮಾಡಿದ್ದು ಸುಮಾರು 30,000 ಪಕ್ಷಿವೀಕ್ಷಕರು ಹೀಗೆ ಸೇರಿಸಿದ 3 ಕೋಟಿ ದಾಖಲೆಗಳಿಂದ. ನಿಮ್ಮ ಕೆರೆಯ ಪಟ್ಟಿಯೂ ಅಂಥ ಲೆಕ್ಕಕ್ಕೆ ಉಪಯೋಗವಾಗಬೇಕಾದರೆ ವಿಶೇಷ ಹಕ್ಕಿಯೊಂದನ್ನೇ ಹಾಕಿ ಸುಮ್ಮನಾಗಬಾರದು. ಆ ಹೊತ್ತಿನಲ್ಲಿ ಕಂಡ, ಕೇಳಿದ, ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ, ಕಾಗೆ ಮೈನಾಗಳನ್ನೂ ಬಿಡದೆ, ಪೂರ್ಣ ಪಟ್ಟಿಯಾಗಿ ಸೇರಿಸಬೇಕು. ಪೂರ್ಣ ಪಟ್ಟಿಯಲ್ಲಿ ಮಾತ್ರ ಒಂದು ಹಕ್ಕಿಯ ಗೈರುಹಾಜರಿಗೂ ಅರ್ಥ ಬರುತ್ತದೆ. ಮೇ ಮೂರನೆಯ ವಾರದ ಪಟ್ಟಿಯಲ್ಲಿ ಹಳದಿ ಸಿಪಿಲೆ ಇಲ್ಲವೆಂದರೆ ಅದು ನಿಜವಾಗಿಯೂ ಇರಲಿಲ್ಲ ಎಂದು ಓದಿಕೊಳ್ಳಬಹುದು.

ಎಣಿಕೆಯ ಜಾಗದಲ್ಲಿ ‘ಎಕ್ಸ್’ ಹಾಕುವ ಬದಲು ಅಂದಾಜಾದರೂ ಸಂಖ್ಯೆ ಕೊಡಿ. ಆರಂಭಿಸಿದ ಸಮಯ, ಕಳೆದ ನಿಮಿಷ, ನಡೆದ ದೂರ ಸರಿಯಾಗಿರಲಿ. ಎರಡು ಕೆರೆಗಳಿಗೆ ಹೋಗಿದ್ದರೆ ಎರಡು ಪಟ್ಟಿ ಮಾಡಿ. ಆ ತಿಂಗಳಿನಲ್ಲಿ, ಆ ಜಿಲ್ಲೆಯಲ್ಲಿ ಅಪರೂಪವಾದ ಹಕ್ಕಿಯನ್ನು ಸೇರಿಸಿದಾಗ ವ್ಯವಸ್ಥೆ ವಿವರಣೆ ಕೇಳುತ್ತದೆ. ಅಲ್ಲಿ ‘ಚೆನ್ನಾಗಿ ಕಂಡಿತು’ ಎಂದು ಬರೆದರೆ ಪ್ರಯೋಜನವಿಲ್ಲ, ಮೇಲೆ ತೋರಿಸಿದಂಥ ಟಿಪ್ಪಣಿಯನ್ನು ಹಾಗೆಯೇ ಇಳಿಸಿಬಿಡಿ. ಪರಿಶೀಲಕರು ಪತ್ರ ಬರೆದು ಪ್ರಶ್ನೆ ಕೇಳಿದರೆ ಅವಮಾನವೆಂದು ತಿಳಿಯಬಾರದು. ಅವರೂ ನಮ್ಮ ಹಾಗೆಯೇ ಬಿಡುವಿನ ವೇಳೆಯಲ್ಲಿ ಈ ಕೆಲಸ ಮಾಡುವ ಪಕ್ಷಿವೀಕ್ಷಕರು.

ಹೊಸದಾಗಿ ಆರಂಭಿಸುವವರಿಗೆ ಮೇ ತಿಂಗಳ ಎರಡನೆಯ ಶನಿವಾರ ಒಳ್ಳೆಯ ದಿನ. ಅಂದು ಜಗತ್ತಿನಾದ್ಯಂತ ಪಕ್ಷಿಗಣತಿ ನಡೆಯುತ್ತದೆ, ಭಾರತದಲ್ಲಿ ಅದೇ ದಿನವನ್ನು ಇಲ್ಲಿಗೇ ಸೀಮಿತವಾದ ಹಕ್ಕಿಗಳ ದಿನವಾಗಿಯೂ ಆಚರಿಸುತ್ತಾರೆ. ಪಶ್ಚಿಮ ಘಟ್ಟದ ಹಳ್ಳಿಗಳಲ್ಲಿರುವವರು ಮನೆಯ ಜಗಲಿಯಿಂದ ಕಂಡ ಮಲಬಾರ್ ಬೂದು ಮಂಗಟ್ಟೆಯನ್ನು ಸೇರಿಸಿದರೂ ಅದು ಮುಖ್ಯವಾದ ದಾಖಲೆಯೇ.

ಗುಂಪಿನಲ್ಲಿ ಹೇಳುವಾಗ

ಊರಿನ ಪಕ್ಷಿವೀಕ್ಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ ಹಾಕುವಾಗ ಮೊದಲ ಸಾಲಿನಲ್ಲೇ ಹಕ್ಕಿಯ ಹೆಸರು, ಎಣಿಕೆ, ದಿನಾಂಕ, ಸಮಯ, ಊರು ಬರಲಿ, ಚಿತ್ರ ಆಮೇಲೆ ಬರಲಿ. ಹಳೆಯ ಚಿತ್ರವನ್ನು ಹಾಕುತ್ತಿದ್ದರೆ ಹಳೆಯದೆಂದು ಹೇಳಿ. ಹೋದ ವರ್ಷದ ನವರಂಗದ ಚಿತ್ರವನ್ನು ಈ ವರ್ಷದ್ದೆಂದು ತಿಳಿದು ಬೆಳಗಿನ ಜಾವ 40 ಕಿಲೋಮೀಟರ್ ಬಂದವರನ್ನು ನಾನು ಕಂಡಿದ್ದೇನೆ. ಬೇರೆಯವರು ಕಂಡದ್ದನ್ನು ಮುಂದೆ ಕಳುಹಿಸುವುದಾದರೆ ಅವರನ್ನು ಕೇಳಿ ಕಳುಹಿಸಿ. ಹೆಸರು ತಪ್ಪಾಗಿದ್ದರೆ ಹಳೆಯ ಸಂದೇಶವನ್ನು ಅಳಿಸಿ ಸುಮ್ಮನಿರುವುದಕ್ಕಿಂತ ತಿದ್ದುಪಡಿಯನ್ನು ಅಷ್ಟೇ ಸ್ಪಷ್ಟವಾಗಿ ಹಾಕುವುದು ಎಲ್ಲರಿಗೂ ಉಪಕಾರ.

ಮೇ ಕೊನೆಯ ಬಿರುಗಾಳಿಗಳ ನಂತರ ಕರಾವಳಿಯಲ್ಲಿರುವವರು ಸಮುದ್ರದ ಕಡೆ ಕಣ್ಣಿಡಬೇಕು. ನಡುಗಡಲಿನಲ್ಲೇ ಬದುಕುವ ರೀವಗಳು, ಫ್ರಿಗೇಟ್ ಹಕ್ಕಿಗಳು ಗಾಳಿಗೆ ಸಿಕ್ಕಿ ದಡಕ್ಕೆ ಬರುವುದುಂಟು. ಬಳಲಿ ಬಿದ್ದ ಹಕ್ಕಿ ಸಿಕ್ಕರೆ ಮೊದಲು ರಟ್ಟಿನ ಪೆಟ್ಟಿಗೆಯಲ್ಲಿ ನೆರಳಿಗೆ ಸೇರಿಸಿ ಅರಣ್ಯ ಇಲಾಖೆಗೆ ತಿಳಿಸಿ, ಚಿತ್ರ ಹಂಚುವುದು ಆಮೇಲಾಗಲಿ. ಕಾಲಿನಲ್ಲಿ ಉಂಗುರವಿದ್ದರೆ ಬಣ್ಣ, ಅಕ್ಷರ, ಅಂಕಿ, ಎಡಗಾಲೋ ಬಲಗಾಲೋ ಎಂಬುದನ್ನು ಬರೆದುಕೊಳ್ಳಿ.

ಗೂಡಿನ ಜಾಗವನ್ನು ಏಕೆ ಹೇಳಬಾರದು

ಕೆಲವು ವರ್ಷಗಳ ಹಿಂದೆ ಏಪ್ರಿಲ್ ಕೊನೆಯಲ್ಲಿ, ಉತ್ತು ಬಿಟ್ಟಿದ್ದ ಕೆಂಪು ಮಣ್ಣಿನ ಹೊಲವೊಂದರಲ್ಲಿ ಹಳದಿ ಟಿಟ್ಟಿಭದ ಗೂಡು ನನ್ನ ಕಣ್ಣಿಗೆ ಬಿತ್ತು. ಗೂಡೆಂದರೆ ನೆಲದಲ್ಲಿ ಒಂದು ತಗ್ಗು, ಸುತ್ತ ನಾಲ್ಕಾರು ಬೆಣಚುಕಲ್ಲು, ನಡುವೆ ಮಣ್ಣಿನದೇ ಬಣ್ಣದ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಮುಖವಾಗಿ. ನಾನು ಬೇಲಿಯ ಆಚೆ ಕುಳಿತು ನೋಡುತ್ತಿದ್ದಾಗ ತಾಯಿಯೋ ತಂದೆಯೋ ಹೊಂಡದ ನೀರಿನಲ್ಲಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಓಡಿ ಬಂದು, ನೀರು ತೊಟ್ಟಿಕ್ಕುತ್ತಿರುವಂತೆಯೇ ಮೊಟ್ಟೆಗಳ ಮೇಲೆ ಕುಳಿತಿತು. ಆ ಹಕ್ಕಿಗಳು ಸುಡುವ ಬಿಸಿಲಿನಲ್ಲಿ ಮೊಟ್ಟೆಗಳನ್ನು ತಂಪಾಗಿಡುವುದು ಹಾಗೆ. ನಾನು ಆ ಸಂತೋಷದಲ್ಲಿ ಚಿತ್ರದೊಂದಿಗೆ ಜಾಗದ ನಕ್ಷೆಯನ್ನೂ ಗುಂಪಿನಲ್ಲಿ ಹಾಕಿದೆ. ಭಾನುವಾರ ಅಲ್ಲಿ ಆರು ವಾಹನಗಳು ನಿಂತಿದ್ದವು ಎಂದು ಹೊಲದ ಯಜಮಾನರು ಹೇಳಿದರು. ಸೋಮವಾರ ನಾನು ಹೋದಾಗ ಎರಡು ಮೊಟ್ಟೆ ಒಡೆದಿದ್ದವು, ಉಳಿದೆರಡು ಬಿಸಿಲಿಗೆ ಬಿದ್ದಿದ್ದವು, ಹಕ್ಕಿಗಳು ಅಲ್ಲಿರಲಿಲ್ಲ. ಬಂದವರಲ್ಲಿ ಯಾರೂ ಕೆಟ್ಟವರಲ್ಲ. ಅವರನ್ನು ಕರೆದದ್ದು ನಾನು. ಅಂದಿನಿಂದ ಗೂಡಿನ ಜಾಗವನ್ನು ಯಾರಿಗೂ ಹೇಳಿಲ್ಲ.

ಮಂಗಟ್ಟೆಯ ಗೂಡಿನ ವಿಷಯದಲ್ಲಿ ಅಪಾಯ ಇನ್ನೂ ದೊಡ್ಡದು. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲನ್ನು ಮೆತ್ತಿಕೊಂಡು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಬಿಟ್ಟುಕೊಂಡಿರುತ್ತದೆ. ಅದಕ್ಕೂ ಮರಿಗಳಿಗೂ ಆಹಾರ ತರುವ ಗಂಡು, ಮರದ ಕೆಳಗೆ ಜನ ನೆರೆದಿರುವುದನ್ನು ಕಂಡು ಹತ್ತಿರ ಬಾರದೆ ಹೋದರೆ ಒಳಗಿರುವವರೆಲ್ಲ ಹಸಿದಿರಬೇಕಾಗುತ್ತದೆ. ಭದ್ರಾ ಜಲಾಶಯದ ನಡುಗಡ್ಡೆಗಳ ಮೇಲೆ, ಬೇಸಿಗೆಯಲ್ಲಿ ನೀರಿಳಿದು ನೆಲ ಕಂಡಾಗ ಮೊಟ್ಟೆಯಿಡುವ ನದಿ ರೀವಗಳು ದೋಣಿ ತೀರಾ ಹತ್ತಿರ ಬಂದರೆ ಒಟ್ಟಿಗೆ ಮೇಲೇಳುತ್ತವೆ. ಆಗ ಬಯಲಾದ ಮರಿಗಳ ಮೇಲೆ ಬಿಸಿಲೂ ಹದ್ದೂ ಎರಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡನ್ನು ಕದಡುವುದನ್ನೂ ‘ಬೇಟೆ’ ಎಂಬ ಪದದ ವ್ಯಾಖ್ಯೆಯೊಳಗೇ ಸೇರಿಸಿದೆ ಎಂಬುದನ್ನು ಕ್ಯಾಮೆರಾ ಹಿಡಿದವರೆಲ್ಲ ತಿಳಿದಿರಬೇಕು.

ಇದಕ್ಕೆ ಹೊರತಾದ ಊರುಗಳೂ ಇವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಬಿದ್ದ ಮರಿಗಳನ್ನು ಊರವರೇ ಎತ್ತಿ ಸಾಕಿದ್ದಾರೆ. 1940ರಲ್ಲಿ ಸಲೀಂ ಅಲಿಯವರ ಸಲಹೆಯ ಮೇರೆಗೆ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಕಾವಲಿದೆ, ದೋಣಿ ಎಲ್ಲಿಯವರೆಗೆ ಹೋಗಬೇಕೆಂಬ ನಿಯಮವಿದೆ. ಇಂಥ ಜಾಗಗಳ ಹೆಸರು ಹೇಳುವುದರಿಂದ ಹೊಸ ಅಪಾಯವೇನೂ ಬರುವುದಿಲ್ಲ. ಕಾಯುವವರು ಇಲ್ಲದ ಗೂಡಿನ ಜಾಗವನ್ನು ಮಾತ್ರ ನಮ್ಮಲ್ಲೇ ಇಟ್ಟುಕೊಳ್ಳಬೇಕು.

ಹಾಗಾದರೆ ಏನು ಮಾಡಬೇಕು? ಊರಿನ ಹೆಸರಿನ ಬದಲು ತಾಲ್ಲೂಕಿನ ಹೆಸರು ಕೊಡಿ. ಫೋನ್ ಚಿತ್ರದೊಳಗೆ ಜಾಗದ ವಿವರ ತಾನಾಗಿ ಸೇರುವುದನ್ನು ನಿಲ್ಲಿಸಿ. ಹಿನ್ನೆಲೆಯಲ್ಲಿ ದೇವಸ್ಥಾನದ ಗೋಪುರವೋ ನೀರಿನ ಟ್ಯಾಂಕೋ ಕಂಡು ಜಾಗ ಗೊತ್ತಾಗುವಂತಿದ್ದರೆ ಆ ಚಿತ್ರವನ್ನೇ ಹಾಕಬೇಡಿ. ಇ-ಬರ್ಡ್ ಕೆಲವು ಸೂಕ್ಷ್ಮ ಪ್ರಭೇದಗಳ ನಿಖರ ಜಾಗವನ್ನು ತಾನೇ ಮರೆಮಾಡುತ್ತದೆ, ಆದರೆ ಟಿಟ್ಟಿಭದಂಥ ಸಾಮಾನ್ಯ ಹಕ್ಕಿಯ ಗೂಡಿಗೆ ಆ ರಕ್ಷಣೆ ಇರುವುದೆಂದು ನಂಬಿ ಕೂರಬಾರದು. ಪಟ್ಟಿಯನ್ನು ಫೋನಿನಲ್ಲೇ ಉಳಿಸಿಕೊಂಡು, ಮರಿಗಳು ಹಾರಿದ ಮೇಲೆ ಸಲ್ಲಿಸಿ. ದಾಖಲೆಗೆ ಹಳೆಯ ದಿನಾಂಕವೇ ಇರುತ್ತದೆ, ಏನೂ ನಷ್ಟವಾಗುವುದಿಲ್ಲ. ಗುಂಪಿನಲ್ಲಿ ಯಾರಾದರೂ “ಜಾಗ ಎಲ್ಲಿ ಸರ್?” ಎಂದು ಕೇಳಿಯೇ ಕೇಳುತ್ತಾರೆ. “ಗೂಡು ಇದೆ, ಮಳೆ ಹಿಡಿದ ಮೇಲೆ ಹೇಳುತ್ತೇನೆ” ಎಂದು ಬಹಿರಂಗವಾಗಿಯೇ ಉತ್ತರಿಸಿ. ಹೊಲದ ಯಜಮಾನರಿಗೆ ಮಾತ್ರ ಖಂಡಿತ ತಿಳಿಸಿ, ಏಕೆಂದರೆ ಉಳುಮೆ ಯಾವ ದಿನವೆಂದು ನಿರ್ಧರಿಸುವವರು ಅವರು. ಗೂಡಿನ ಸುತ್ತ ನಾಲ್ಕು ಹೆಜ್ಜೆ ಬಿಟ್ಟು ಉಳುವಂತೆ ಕೇಳಿಕೊಂಡರೆ ಬಹಳ ಜನ ಒಪ್ಪುತ್ತಾರೆ.

ಮಳೆ ಹಿಡಿದ ಮೇಲೆ

ಜೂನ್ ಎರಡನೆಯ ವಾರ, ಮೃಗಶಿರಾ ಹುಟ್ಟಿದ ಮೇಲೆ, ಅದೇ ಜಾಗಗಳಿಗೆ ಇನ್ನೊಮ್ಮೆ ಹೋಗಿ. ತಡೆಹಿಡಿದಿದ್ದ ಪಟ್ಟಿಗಳನ್ನು ಸಲ್ಲಿಸುವ ಮುನ್ನ ಪ್ರತಿಯೊಂದು ಗೂಡಿನ ಎದುರಿಗೂ ಎಷ್ಟು ಮರಿ ಹಾರಿದವು, ಗೊತ್ತಾಗದಿದ್ದರೆ ಕೊನೆಯ ಬಾರಿ ಕಂಡಾಗ ಏನಿತ್ತು ಎಂದು ಬರೆಯಿರಿ. ಚಾತಕ ಕಂಡಿದ್ದ ಜಾಲಿಯ ಬಳಿ ಹರಟೆಮಲ್ಲಗಳ ಗುಂಪು ಸಿಕ್ಕರೆ ಅವುಗಳ ಹಿಂದೆ ಬಾಯ್ತೆರೆದು ಬೇಡುತ್ತ ಹಾರುವ, ಅವುಗಳಂತಿಲ್ಲದ ಮರಿಯೇನಾದರೂ ಇದೆಯೇ ಎಂದು ನೋಡಿ. ಜೂನಿನಲ್ಲಿ ಕಾಣದಿದ್ದರೆ ಜುಲೈನಲ್ಲಿ ಮತ್ತೆ ಹೋಗಿ.